ನೈಜೀರಿಯಾ: ಆಫ್ರಿಕಾಕ್ಕೆ ದೊಡ್ಡಣ್ಣ ಆಗುವುದು ಅಷ್ಟು ಸುಲಭವಾ?

ನೈಜೀರಿಯಾದ ಜನಸಂಖ್ಯೆ ಎಷ್ಟು ಅಂತ ಕೇಳಿದರೆ ಒಬ್ಬರು 22 ಕೋಟಿ ಅಂತಾರೆ, ಇನ್ನೊಬ್ಬರು 23 ಕೋಟಿ ಅಂತಾರೆ. ಖಚಿತವಾದ ಲೆಕ್ಕ ಅಲ್ಲಿನ ಸರ್ಕಾರದ ಹತ್ತಿರವೂ ಇಲ್ಲ. ಕೊನೆಯ ಜನಗಣತಿ ನಡೆದಿದ್ದು 2006ರಲ್ಲಿ, ಆಗ ಸಿಕ್ಕಿದ್ದು ಸುಮಾರು 14 ಕೋಟಿ. 2023ರಲ್ಲಿ ಮತ್ತೆ ಎಣಿಸುತ್ತೇವೆ ಅಂದರು, ಅದೂ ಮುಂದಕ್ಕೆ ಹೋಯಿತು. ಅಲ್ಲಿ ತಲೆ ಎಣಿಸುವುದೆಂದರೆ ಜಗಳಕ್ಕೆ ಕರೆದ ಹಾಗೆ. ಉತ್ತರದವರು ಎಷ್ಟು, ದಕ್ಷಿಣದವರು ಎಷ್ಟು ಅನ್ನುವುದರ ಮೇಲೆ ಸಂಸತ್ತಿನ ಸೀಟು, ಎಣ್ಣೆ ದುಡ್ಡಿನ ಪಾಲು ಎಲ್ಲಾ ನಿಂತಿದೆ. 1962ರಲ್ಲಿ ಎಣಿಸಿದ್ದನ್ನು ಜಗಳದಿಂದಾಗಿ ಕಸದ ಬುಟ್ಟಿಗೆ ಹಾಕಿ 1963ರಲ್ಲಿ ಮತ್ತೆ ಎಣಿಸಿದ್ದರು. (ನಗಬೇಡಿ. 2021ರಲ್ಲಿ ಆಗಬೇಕಿದ್ದ ನಮ್ಮ ಗಣತಿಯ ಕಥೆಯೂ ನಿಮಗೆ ಗೊತ್ತು.)

ವಿಚಿತ್ರ ಏನಂದ್ರೆ, ಆಫ್ರಿಕಾದ ನಾಯಕತ್ವ ನಮ್ಮದು ಅಂತ ನೈಜೀರಿಯಾ ಹೇಳಿಕೊಳ್ಳುವುದಕ್ಕೆ ಮೊದಲ ಆಧಾರವೇ ಈ ಎಣಿಸದ ಜನಸಂಖ್ಯೆ. ಖಂಡದ ಆರೇಳು ಜನರಲ್ಲಿ ಒಬ್ಬರು ನಮ್ಮವರು, ಹಾಗಾಗಿ ನಾವೇ ದೊಡ್ಡವರು ಅನ್ನುವ ವಾದ. 1960ರ ಅಕ್ಟೋಬರ್ 1ರಂದು ಸ್ವಾತಂತ್ರ್ಯ ಸಿಕ್ಕಿದಾಗಿನಿಂದ ಅಲ್ಲಿ ಯಾವ ಸರ್ಕಾರ ಬಂದರೂ, ಮಿಲಿಟರಿಯವರಾಗಲಿ ಓಟು ಪಡೆದವರಾಗಲಿ, ಈ ಮಾತನ್ನು ಬಿಟ್ಟಿಲ್ಲ. ಬರೀ ಮಾತಲ್ಲ, ಅದಕ್ಕಾಗಿ ದುಡ್ಡು ಸುರಿದಿದ್ದಾರೆ, ಸೈನಿಕರನ್ನೂ ಕಳೆದುಕೊಂಡಿದ್ದಾರೆ. ಆದರೂ ಇವತ್ತು ಪಕ್ಕದ ದೇಶಗಳು ಅದರ ಮಾತು ಕೇಳಲ್ಲ. ಯಾಕೆ ಹೀಗಾಯಿತು ಅಂತ ಕೆಲವು ಸಮಯದಿಂದ ಓದುತ್ತಾ ಇದ್ದೆ. ನನಗೆ ಅನ್ನಿಸಿದ್ದು ಇಷ್ಟು: ಆ ದೇಶ ದೊಡ್ಡಣ್ಣನ ಕೆಲಸ ಮಾಡಿಲ್ಲ ಅನ್ನುವುದು ಸುಳ್ಳು, ಚೆನ್ನಾಗಿಯೇ ಮಾಡಿದೆ. ಅದನ್ನು ಎಳೆದು ಕೆಳಗೆ ಬೀಳಿಸಿದ್ದು ಮನೆಯೊಳಗಿನ ವ್ಯವಹಾರ.

ನಮ್ಮ ಕಡೆ ನೈಜೀರಿಯಾ ಅಂದರೆ ಜನರಿಗೆ ನೆನಪಾಗುವುದೇ ಬೇರೆ. ಬೆಂಗಳೂರಿನಲ್ಲಂತೂ ಡ್ರಗ್ಸ್ ಕೇಸಿನ ಸುದ್ದಿ, ಇಲ್ಲ ಲಾಟರಿ ಗೆದ್ದಿದ್ದೀರಿ ಅನ್ನುವ ಮೋಸದ ಇಮೇಲ್. ಆಫ್ರಿಕಾದಿಂದ ಬಂದವರು ಯಾರೇ ಆಗಲಿ ನಮ್ಮ ಜನರ ಬಾಯಲ್ಲಿ 'ನೈಜೀರಿಯನ್' ಆಗಿಬಿಡುತ್ತಾರೆ. 2016ರಲ್ಲಿ ಸುಡಾನಿನವನೊಬ್ಬ ಮಾಡಿದ ಅಪಘಾತಕ್ಕೆ ಆ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿದ್ದು ಇದೇ ಬೆಂಗಳೂರಿನಲ್ಲಿ. ಒಂದು ಖಂಡದ ಐವತ್ತನಾಲ್ಕು ದೇಶಗಳನ್ನು ಒಂದೇ ಅಂದುಕೊಂಡವರಿಗೆ ಅವುಗಳೊಳಗಿನ ಪೈಪೋಟಿ ಕಾಣಿಸುವುದಾದರೂ ಹೇಗೆ?

ನಮ್ಮ ಹಿಂದಿನ ತಲೆಮಾರಿನ ಕೆಲವರಿಗೆ ಮಾತ್ರ ಬೇರೆ ನೈಜೀರಿಯಾ ಗೊತ್ತಿತ್ತು. ನಮ್ಮ ಚಿಕ್ಕಪ್ಪನ ಸ್ನೇಹಿತರೊಬ್ಬರು ಎಪ್ಪತ್ತರ ದಶಕದ ಕೊನೆಯಲ್ಲಿ ಅಲ್ಲಿನ ಉತ್ತರ ಭಾಗದ ಒಂದು ಶಾಲೆಯಲ್ಲಿ ಗಣಿತದ ಮೇಷ್ಟ್ರಾಗಿದ್ದರು. ಆಗ ಭಾರತದಿಂದ ತುಂಬಾ ಜನ ಮೇಷ್ಟ್ರುಗಳು, ಡಾಕ್ಟರುಗಳು, ಎಂಜಿನಿಯರುಗಳು ಹಾಗೆ ಹೋಗುತ್ತಿದ್ದರು. 1973ರ ನಂತರ ಎಣ್ಣೆ ಬೆಲೆ ಏರಿ ದೇಶದ ತುಂಬಾ ದುಡ್ಡು. 1980ರ ಸುಮಾರಿಗೆ ಒಂದು ನೈರಾ ಕೊಟ್ಟರೆ ಒಂದೂವರೆ ಡಾಲರಿಗಿಂತ ಜಾಸ್ತಿ ಸಿಗುತ್ತಿತ್ತು. ಈಗ ಒಂದು ಡಾಲರಿಗೆ ಸಾವಿರಕ್ಕಿಂತ ಹೆಚ್ಚು ನೈರಾ ಎಣಿಸಬೇಕು. ಆ ಮೇಷ್ಟ್ರು ಊರಿಗೆ ಬಂದಾಗ ತಂದ ಟೇಪ್ ರೆಕಾರ್ಡರ್ ನೋಡಲು ಬೀದಿಯವರೆಲ್ಲ ಸೇರಿದ್ದರಂತೆ. ಸೈನ್ಯದ ಕಡೆಯಿಂದಲೂ ನಮಗೆ ನಂಟಿದೆ. ಕಡುನಾದಲ್ಲಿ 1964ರಲ್ಲಿ ಶುರುವಾದ ಅವರ ರಕ್ಷಣಾ ಅಕಾಡೆಮಿಯನ್ನು ಕಟ್ಟಲು ಹೋಗಿದ್ದು ಭಾರತದ ಅಧಿಕಾರಿಗಳು. ಮೊದಲ ಕಮಾಂಡೆಂಟ್ ಕೂಡ ನಮ್ಮವರೇ.

ಎಪ್ಪತ್ತರ ದಶಕವೇ ನೈಜೀರಿಯಾದ ಒಳ್ಳೆಯ ಕಾಲ. ಪೂರ್ವದ ಭಾಗ ಬಿಯಾಫ್ರಾ ಅನ್ನುವ ಬೇರೆ ದೇಶವಾಗಲು ಹೊರಟು ಶುರುವಾದ ಅಂತರ್ಯುದ್ಧ 1970ರಲ್ಲಿ ಮುಗಿದಿತ್ತು. ಆ ಯುದ್ಧದಲ್ಲಿ ಪಶ್ಚಿಮ ಆಫ್ರಿಕಾದ್ದೇ ಆದ ಐವರಿ ಕೋಸ್ಟ್‌ನಂಥ ದೇಶಗಳೇ ಬಿಯಾಫ್ರಾಕ್ಕೆ ಮಾನ್ಯತೆ ಕೊಟ್ಟಿದ್ದವು, ಹಿಂದಿನಿಂದ ಫ್ರಾನ್ಸ್ ತಳ್ಳುತ್ತಿತ್ತು. ಸುತ್ತಲಿನ ಸಣ್ಣ ಸಣ್ಣ ಫ್ರೆಂಚ್ ಭಾಷಿಕ ದೇಶಗಳನ್ನು ಫ್ರಾನ್ಸ್ ಕೈಗೆ ಬಿಟ್ಟರೆ ನಮಗೇ ಅಪಾಯ ಅಂತ ಆಗಿನ ರಾಜಧಾನಿ ಲಾಗೋಸ್‌ನಲ್ಲಿ ಕೂತವರಿಗೆ ಅರ್ಥವಾಯಿತು. ಆಗಿನ ಆಡಳಿತಗಾರ ಯಾಕುಬು ಗೋವಾನ್ ಮತ್ತು ಟೋಗೋದ ಎಯಾಡೆಮಾ ಊರೂರು ತಿರುಗಿ, 1975ರ ಮೇ 28ರಂದು ಲಾಗೋಸ್‌ನಲ್ಲಿ ಹದಿನೈದು ದೇಶಗಳಿಂದ ಸಹಿ ಹಾಕಿಸಿ ಎಕೋವಾಸ್ ಅನ್ನುವ ಒಕ್ಕೂಟ ಕಟ್ಟಿದರು. ಪಶ್ಚಿಮ ಆಫ್ರಿಕಾದ ದೇಶಗಳ ಆರ್ಥಿಕ ಕೂಟ ಅದು. ನಮ್ಮ ಸಾರ್ಕ್ ಹುಟ್ಟುವುದಕ್ಕೂ ಹತ್ತು ವರ್ಷ ಮುಂಚೆ, ಮತ್ತು ಸಾರ್ಕ್‌ಗಿಂತ ಎಷ್ಟೋ ಪಾಲು ಹೆಚ್ಚು ಕೆಲಸ ಮಾಡಿದೆ. ವೀಸಾ ಇಲ್ಲದೆ ಪಕ್ಕದ ದೇಶಕ್ಕೆ ಬಸ್ಸಿನಲ್ಲಿ ಹೋಗಿ ಬರಬಹುದು.

ಆಮೇಲೆ ಬಂದವನು ಮುರ್ತಾಲಾ ಮುಹಮ್ಮದ್. ಇದ್ದಿದ್ದು ಆರೇಳು ತಿಂಗಳು ಅಷ್ಟೇ. ಅಂಗೋಲಾದ ಅಂತರ್ಯುದ್ಧದಲ್ಲಿ ಯಾರ ಪರ ನಿಲ್ಲಬೇಕು ಅಂತ ಅಮೆರಿಕದ ಅಧ್ಯಕ್ಷ ಫೋರ್ಡ್ ಆಫ್ರಿಕಾದ ನಾಯಕರಿಗೆ ಪತ್ರ ಬರೆದಿದ್ದರು. ಮುರ್ತಾಲಾ 1976ರ ಜನವರಿಯಲ್ಲಿ ಅಡಿಸ್ ಅಬಾಬಾದಲ್ಲಿ ನಡೆದ ಆಫ್ರಿಕಾದ ದೇಶಗಳ ಸಭೆಯಲ್ಲಿ ಎದ್ದು ನಿಂತು, ಆಫ್ರಿಕಾ ಈಗ ಬೆಳೆದು ದೊಡ್ಡದಾಗಿದೆ, ಹೊರಗಿನವರ ಅಪ್ಪಣೆ ಬೇಕಿಲ್ಲ ಅನ್ನುವ ಅರ್ಥದಲ್ಲಿ ಭಾಷಣ ಮಾಡಿದ. ನೈಜೀರಿಯಾ ಅಮೆರಿಕ ಬೇಡ ಅಂದ ಕಡೆಯೇ ನಿಂತಿತು. ಮುಂದಿನ ತಿಂಗಳು 13ರಂದು ಲಾಗೋಸ್‌ನ ಟ್ರಾಫಿಕ್ಕಿನಲ್ಲಿ ಅವನ ಕಾರಿಗೆ ಗುಂಡು ಹಾರಿಸಿ ಕೊಂದರು. ಅಲ್ಲಿನ ಇಪ್ಪತ್ತು ನೈರಾ ನೋಟಿನಲ್ಲಿ ಈಗಲೂ ಅವನ ಮುಖವಿದೆ.

ದಕ್ಷಿಣ ಆಫ್ರಿಕಾದ ವರ್ಣಭೇದದ ವಿಷಯದಲ್ಲಿ ನೈಜೀರಿಯಾ ನಡೆದುಕೊಂಡ ರೀತಿ ನನಗೆ ತುಂಬಾ ಇಷ್ಟ. ಭೂಪಟ ನೋಡಿ, ಎಲ್ಲಿಯ ಲಾಗೋಸ್ ಎಲ್ಲಿಯ ಜೋಹಾನ್ಸ್‌ಬರ್ಗ್. ಆದರೂ ಗಡಿ ಹಂಚಿಕೊಂಡ ದೇಶಗಳ ಸಾಲಿನಲ್ಲೇ ಅದನ್ನು ಕೂರಿಸುತ್ತಿದ್ದರು. ಸರ್ಕಾರಿ ನೌಕರರ ಸಂಬಳದಲ್ಲಿ ಹೋರಾಟಕ್ಕೆ ಅಂತ ಹಣ ಹಿಡಿಯುತ್ತಿದ್ದರು, ಶಾಲೆ ಕಾಲೇಜಿನ ಮಕ್ಕಳೂ ಕೊಡುತ್ತಿದ್ದರು, ಜನ ಅದಕ್ಕೆ 'ಮಂಡೇಲಾ ತೆರಿಗೆ' ಅಂತಲೇ ಹೆಸರಿಟ್ಟಿದ್ದರು. ಮುಂದೆ ದಕ್ಷಿಣ ಆಫ್ರಿಕಾದ ಅಧ್ಯಕ್ಷರಾದ ಥಾಬೋ ಎಂಬೆಕಿ ಆಗ ಲಾಗೋಸ್‌ನಲ್ಲೇ ಇದ್ದು ಮಂಡೇಲಾ ಅವರ ಪಕ್ಷ ಎಎನ್‌ಸಿ ಪರವಾಗಿ ಕೆಲಸ ಮಾಡಿದ್ದರು. 1979ರಲ್ಲಿ ಬ್ರಿಟನ್ನಿನ ಬಿಪಿ ಕಂಪನಿಯ ಎಣ್ಣೆ ವರ್ಣಭೇದದ ಸರ್ಕಾರಕ್ಕೆ ಹೋಗುವ ಮಾತು ಬಂದಾಗ, ಲುಸಾಕಾದಲ್ಲಿ ಕಾಮನ್‌ವೆಲ್ತ್ ಸಭೆ ಶುರುವಾಗುವ ಹೊತ್ತಿಗೇ ನೈಜೀರಿಯಾದಲ್ಲಿದ್ದ ಬಿಪಿಯ ಪಾಲನ್ನೆಲ್ಲ ಸರ್ಕಾರ ವಶಪಡಿಸಿಕೊಂಡಿತು. ಥ್ಯಾಚರ್ ಅದೇ ಸಭೆಗೆ ಬರುತ್ತಿದ್ದರು! ಆ ಸಭೆಯಲ್ಲಿ ಚರ್ಚೆಯಾದ, ಬಿಳಿಯರ ಹಿಡಿತದಲ್ಲಿದ್ದ ಜಿಂಬಾಬ್ವೆ ಮುಂದಿನ ವರ್ಷ ಸ್ವತಂತ್ರವಾಯಿತು. ಇದರಿಂದಲೇ ಆಯಿತು ಅನ್ನಲಾರೆ, ಆದರೆ ಆ ಪೆಟ್ಟು ಲಂಡನ್ನಿಗೆ ಚೆನ್ನಾಗಿ ತಾಗಿತ್ತು.

ಎಣ್ಣೆ ಬೆಲೆ ಇಳಿಯಿತು, ವರಸೆ ಬದಲಾಯಿತು. 1983ರ ಜನವರಿಯಲ್ಲಿ ಕಾಗದಪತ್ರ ಇಲ್ಲದ ವಲಸಿಗರೆಲ್ಲ ಎರಡು ವಾರದಲ್ಲಿ ಜಾಗ ಖಾಲಿ ಮಾಡಿ ಅಂತ ಆಜ್ಞೆ. ಹೋದವರಲ್ಲಿ ಸುಮಾರು ಹತ್ತು ಲಕ್ಷ ಜನ ಘಾನಾದವರು. ಚೌಕಳಿ ಚೌಕಳಿಯ ದೊಡ್ಡ ಪ್ಲಾಸ್ಟಿಕ್ ಚೀಲಗಳಲ್ಲಿ ಸಾಮಾನು ತುಂಬಿಕೊಂಡು ಹೋದರು, ಆ ಚೀಲಕ್ಕೆ ಪಶ್ಚಿಮ ಆಫ್ರಿಕಾದಲ್ಲಿ ಇವತ್ತಿಗೂ 'ಘಾನಾ ಮಸ್ಟ್ ಗೋ' ಅಂತಲೇ ಹೆಸರು. ಘಾನಾ ಕೂಡ 1969ರಲ್ಲಿ ನೈಜೀರಿಯನ್ನರನ್ನು ಹೀಗೇ ಓಡಿಸಿತ್ತು ಅನ್ನಿ. ಆದರೆ ಒಕ್ಕೂಟ ಕಟ್ಟಿದವನೇ ಹೀಗೆ ಮಾಡಿದರೆ ಉಳಿದವರು ಮರೆಯುತ್ತಾರಾ?

ಇನ್ನು ಲೈಬೀರಿಯಾ. 1990ರಲ್ಲಿ ಅಲ್ಲಿ ಅಂತರ್ಯುದ್ಧ ಕೈಮೀರಿತ್ತು, ಅಮೆರಿಕ ತನ್ನವರನ್ನು ಮಾತ್ರ ಹಡಗು ಹತ್ತಿಸಿಕೊಂಡು ಸುಮ್ಮನಾಯಿತು. ಆಗ ನೈಜೀರಿಯಾದ ಸರ್ವಾಧಿಕಾರಿ ಇಬ್ರಾಹಿಂ ಬಬಾಂಗಿಡ ಮುಂದೆ ನಿಂತು ಎಕೋವಾಸ್ ಹೆಸರಿನಲ್ಲಿ ಎಕೊಮಾಗ್ ಅನ್ನುವ ಪಡೆ ಕಟ್ಟಿ ಆಗಸ್ಟ್‌ನಲ್ಲಿ ಲೈಬೀರಿಯಾದ ರಾಜಧಾನಿ ಮನ್ರೋವಿಯಾಕ್ಕೆ ಇಳಿಸಿದರು. ಹೆಸರು ಎಲ್ಲರದ್ದು, ಸೈನಿಕರೂ ದುಡ್ಡೂ ಬಹುಪಾಲು ನೈಜೀರಿಯಾದ್ದು. ನಮ್ಮ ಶಾಂತಿಪಾಲನಾ ಪಡೆ ಶ್ರೀಲಂಕಾದಿಂದ ಕೈಸುಟ್ಟುಕೊಂಡು ವಾಪಸ್ ಬಂದಿದ್ದು ಅದೇ ವರ್ಷ ಮಾರ್ಚ್‌ನಲ್ಲಿ. ಸುಮಾರು ಸಾವಿರದ ಇನ್ನೂರು ಸೈನಿಕರನ್ನು ಕಳೆದುಕೊಂಡ ಮೇಲೆ ನಾವು ಮತ್ತೆ ಅಂಥ ಸಾಹಸಕ್ಕೆ ಹೋಗಲಿಲ್ಲ. ನೈಜೀರಿಯಾ ಮಾತ್ರ ಜಾಗ ಬಿಡಲಿಲ್ಲ, ಲೈಬೀರಿಯಾದಿಂದ ಸಿಯೆರಾ ಲಿಯೋನ್‌ಗೂ ಹೋಯಿತು, 1998ರಲ್ಲಿ ಅಲ್ಲಿ ಓಟಿನಿಂದ ಗೆದ್ದಿದ್ದ ಅಧ್ಯಕ್ಷ ಕಬ್ಬಾ ಅವರನ್ನು ಮತ್ತೆ ಕುರ್ಚಿಯಲ್ಲಿ ಕೂರಿಸಿತು, ಶತಕೋಟಿಗಟ್ಟಲೆ ಡಾಲರ್ ಖರ್ಚು ಮಾಡಿತು.

ಎಲ್ಲಾ ಚಿನ್ನದಂಥ ಕೆಲಸ ಅಂತಲ್ಲ. ಲೈಬೀರಿಯಾದ ಅಧ್ಯಕ್ಷ ಸ್ಯಾಮುಯೆಲ್ ಡೋ ಬಬಾಂಗಿಡಗೆ ಬೇಕಾದವನು, ಅವನನ್ನು ಉಳಿಸಲೆಂದೇ ಪಡೆ ಬಂತು ಅಂತ ಮಾತಿತ್ತು. ಉಳಿಸುವುದಿರಲಿ, ಎಕೊಮಾಗ್‌ನ ಕಚೇರಿಗೆ ಬಂದಿದ್ದಾಗಲೇ ಬಂಡುಕೋರರು ಅವನನ್ನು ಹಿಡಿದುಕೊಂಡು ಹೋಗಿ ಕೊಂದರು. ಲೂಟಿಯ ದೂರುಗಳೂ ಜಾಸ್ತಿ. ಎಕೊಮಾಗ್ ಅನ್ನುವ ಅಕ್ಷರಗಳನ್ನು ಬಿಡಿಸಿ 'ಕಾರು ಅಂತ ಇಲ್ಲ, ಅಲ್ಲಾಡುವ ವಸ್ತು ಏನಿದ್ದರೂ ಮಾಯ' ಅಂತ ಲೈಬೀರಿಯಾದ ಜನ ಅರ್ಥ ಹೇಳಿಕೊಂಡು ನಗುತ್ತಿದ್ದರು. ಆದರೂ ಮನ್ರೋವಿಯಾದ ಬೀದಿಯಲ್ಲಿ ಹೆಣಗಳು ಬಿದ್ದಿದ್ದಾಗ ಬಂದವರು ಅವರೇ, ಬೇರೆ ಯಾರೂ ಬರಲಿಲ್ಲ. ಇದನ್ನು ಯಾರೂ ಹೇಳುವುದಿಲ್ಲ ಅನ್ನುವುದೇ ನನ್ನ ಬೇಸರ.

ಹೇಳದಿರುವುದಕ್ಕೆ ಕಾರಣ ಇಲ್ಲದೇ ಇಲ್ಲ. ಸಿಯೆರಾ ಲಿಯೋನ್‌ನಲ್ಲಿ ಪ್ರಜಾಪ್ರಭುತ್ವ ಉಳಿಸಲು ಸೈನ್ಯ ಕಳಿಸಿದವನು ನೈಜೀರಿಯಾದ ಇನ್ನೊಬ್ಬ ಸರ್ವಾಧಿಕಾರಿ ಸಾನಿ ಅಬಾಚಾ. ಸ್ವಂತ ದೇಶದಲ್ಲಿ 1993ರ ಚುನಾವಣೆ ಗೆದ್ದಿದ್ದ ಮೊಶೂದ್ ಅಬಿಯೋಲಾ ಅದೇ ಅಬಾಚಾನ ಜೈಲಿನಲ್ಲಿದ್ದರು. ಮನೆಗೆ ಮಾರಿ, ಊರಿಗೆ ಉಪಕಾರಿ ಅಂತಾರಲ್ಲ, ಹಾಗೆ. 1995ರ ನವೆಂಬರ್ 10ರಂದು, ಎಣ್ಣೆ ಕಂಪನಿಗಳಿಂದ ತಮ್ಮ ನೆಲ ಹಾಳಾಯಿತು ಅಂತ ಹೋರಾಡುತ್ತಿದ್ದ ಒಗೋನಿ ಜನರ ಲೇಖಕ ಕೆನ್ ಸಾರೊ-ವಿವಾ ಮತ್ತು ಎಂಟು ಜೊತೆಗಾರರನ್ನು ಗಲ್ಲಿಗೆ ಹಾಕಿದರು. ಆಕ್ಲೆಂಡಿನಲ್ಲಿ ಕಾಮನ್‌ವೆಲ್ತ್ ಸಭೆ ನಡೆಯುತ್ತಿದ್ದ ಹೊತ್ತು, ನೈಜೀರಿಯಾವನ್ನು ಅಮಾನತು ಮಾಡಿದರು. ಎಲ್ಲರಿಗಿಂತ ಗಟ್ಟಿಯಾಗಿ ಖಂಡಿಸಿದವರು ನೆಲ್ಸನ್ ಮಂಡೇಲಾ! ಯಾರ ಹೆಸರಿನಲ್ಲಿ ನೈಜೀರಿಯಾದ ಗುಮಾಸ್ತರು ಸಂಬಳದಿಂದ ದುಡ್ಡು ಕೊಟ್ಟಿದ್ದರೋ ಅವರೇ. ಅಬಾಚಾ ಸಿಟ್ಟಿಗೆದ್ದು ಮುಂದಿನ ವರ್ಷ ದಕ್ಷಿಣ ಆಫ್ರಿಕಾದಲ್ಲಿ ನಡೆದ ಆಫ್ರಿಕಾ ಕಪ್ ಫುಟ್‌ಬಾಲ್‌ಗೆ ತಂಡವನ್ನೇ ಕಳಿಸಲಿಲ್ಲ. ಆಗ ನೈಜೀರಿಯಾ ಹಿಂದಿನ ಬಾರಿಯ ಚಾಂಪಿಯನ್. ಕಪ್ ಗೆದ್ದಿದ್ದು ದಕ್ಷಿಣ ಆಫ್ರಿಕಾ.

ಅಲ್ಲಿಂದ ಮುಂದೆ ಆಫ್ರಿಕಾ ಅಂದರೆ ಹೊರಗಿನವರು ಮೊದಲು ಫೋನ್ ಮಾಡುವುದು ದಕ್ಷಿಣ ಆಫ್ರಿಕಾದ ರಾಜಧಾನಿ ಪ್ರಿಟೋರಿಯಾಗೆ. ಜಿ-20ಗೆ ಕರೆದಿದ್ದು ಅವರನ್ನು, 2010ರಲ್ಲಿ ಬ್ರಿಕ್ಸ್‌ಗೆ ಕರೆದಿದ್ದೂ ಅವರನ್ನೇ. ನೈಜೀರಿಯಾಕ್ಕೆ ಬ್ರಿಕ್ಸ್‌ನಲ್ಲಿ 'ಪಾಲುದಾರ' ಅನ್ನುವ ಸ್ಥಾನ ಸಿಕ್ಕಿದ್ದೇ 2025ರಲ್ಲಿ. 2012ರಲ್ಲಿ ಆಫ್ರಿಕನ್ ಒಕ್ಕೂಟದ ಆಯೋಗದ ಅಧ್ಯಕ್ಷ ಸ್ಥಾನಕ್ಕೆ ದೊಡ್ಡ ದೇಶಗಳು ನಿಲ್ಲಬಾರದು ಅನ್ನುವ ರೂಢಿ ಮುರಿದು ದಕ್ಷಿಣ ಆಫ್ರಿಕಾ ಡ್ಲಾಮಿನಿ-ಜುಮಾ ಅವರನ್ನು ಗೆಲ್ಲಿಸಿಕೊಂಡಿತು, ನೈಜೀರಿಯಾ ಮುಖ ಸಿಂಡರಿಸಿತು. ಅದೇ ವರ್ಷ ಹಳದಿ ಜ್ವರದ ಲಸಿಕೆ ಕಾರ್ಡ್ ಸರಿಯಿಲ್ಲ ಅಂತ 125 ನೈಜೀರಿಯನ್ನರನ್ನು ಜೋಹಾನ್ಸ್‌ಬರ್ಗ್ ವಿಮಾನ ನಿಲ್ದಾಣದಿಂದಲೇ ವಾಪಸ್ ಕಳಿಸಿದರು. ಲಾಗೋಸ್‌ನವರೂ ಅದೇ ರೀತಿ ದಕ್ಷಿಣ ಆಫ್ರಿಕಾದವರನ್ನು ವಾಪಸ್ ಕಳಿಸತೊಡಗಿದರು. ಕೊನೆಗೆ ಪ್ರಿಟೋರಿಯಾ ಕ್ಷಮೆ ಕೇಳಿತು.

ಒಂದು ವಿಷಯ ಮಾತ್ರ ನೈಜೀರಿಯಾದ ಲೆಕ್ಕಕ್ಕೆ ದೊಡ್ಡದಾಗಿ ಬರೆಯಬೇಕು. ಬಕಾಸಿ ಅಂತ ಒಂದು ಪರ್ಯಾಯ ದ್ವೀಪ ಇದೆ, ಕ್ಯಾಮರೂನ್ ಗಡಿಯಲ್ಲಿ. ಮೀನು, ಎಣ್ಣೆ ಎರಡೂ ಇರುವ ಕಡಲು. ಅಲ್ಲಿದ್ದ ಜನರಲ್ಲಿ ಹೆಚ್ಚಿನವರು ತಮ್ಮನ್ನು ನೈಜೀರಿಯಾದವರು ಅಂದುಕೊಂಡವರು, ಸೈನ್ಯವೂ ಅಲ್ಲೇ ಇತ್ತು. 2002ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಅದು ಕ್ಯಾಮರೂನಿಗೆ ಸೇರಿದ್ದು ಅಂತ ತೀರ್ಪು ಕೊಟ್ಟಿತು. ಆಗಿನ ಅಧ್ಯಕ್ಷ ಒಬಾಸಾಂಜೊ ಸರ್ಕಾರ ಗೊಣಗಿತು, ಎಳೆದಾಡಿತು, 2006ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿತು, ಆಮೇಲೆ ಬಂದ ಸರ್ಕಾರ 2008ರ ಆಗಸ್ಟ್‌ನಲ್ಲಿ ಪೂರ್ತಿ ಬಿಟ್ಟುಕೊಟ್ಟಿತು. ಕ್ಯಾಮರೂನ್ ಜನಸಂಖ್ಯೆ ನೈಜೀರಿಯಾದ ಏಳನೇ ಒಂದು ಭಾಗವೂ ಇಲ್ಲ. ಬಲ ಇರುವ ದೇಶ ಕೋರ್ಟ್ ಮಾತು ಕೇಳಿ ಎಣ್ಣೆ ಇರುವ ನೆಲ ಬಿಟ್ಟುಕೊಟ್ಟ ಉದಾಹರಣೆ ಪ್ರಪಂಚದಲ್ಲಿ ಎಷ್ಟಿದೆ, ನೀವೇ ಹೇಳಿ.

ಈಗ ಉತ್ತರಕ್ಕಿರುವ ನೈಜರ್ ಅನ್ನುವ ನೆರೆಯ ದೇಶಕ್ಕೆ ಬರೋಣ, ಇಡೀ ಕಥೆ ಬಯಲಾಗಿದ್ದು ಅಲ್ಲೇ. 2023ರ ಜುಲೈನಲ್ಲಿ ಬೋಲಾ ಟಿನುಬು ಎಕೋವಾಸ್ ಅಧ್ಯಕ್ಷರಾದರು, ನೈಜೀರಿಯಾದ ಅಧ್ಯಕ್ಷರಾಗಿ ಆಗಿನ್ನೂ ಎರಡು ತಿಂಗಳೂ ಆಗಿರಲಿಲ್ಲ. ಇನ್ನು ಮುಂದೆ ಮಿಲಿಟರಿ ದಂಗೆಗಳನ್ನು ಸಹಿಸುವುದಿಲ್ಲ ಅಂದರು. ಅದೇ ತಿಂಗಳು 26ರಂದು ಪಕ್ಕದ ನೈಜರ್‌ನಲ್ಲಿ ಅಧ್ಯಕ್ಷ ಬಜೂಮ್ ಅವರನ್ನು ಅವರ ಕಾವಲು ಪಡೆಯೇ ಹಿಡಿದು ಕೂಡಿ ಹಾಕಿತು. ಒಂದು ವಾರದಲ್ಲಿ ಬಿಡಿ, ಇಲ್ಲವಾದರೆ ಬಲಪ್ರಯೋಗಕ್ಕೂ ಸಿದ್ಧ ಅಂತ ನೈಜೀರಿಯಾದ ಈಗಿನ ರಾಜಧಾನಿ ಅಬುಜಾದಿಂದ ಗಡುವು ಹೋಯಿತು. ಗಡಿ ಮುಚ್ಚಿದರು. ಕರೆಂಟ್ ಕಡಿದರು. ನೈಜರ್‌ಗೆ ಬೇಕಾದ ಕರೆಂಟಿನಲ್ಲಿ ಸುಮಾರು 70 ಶೇಕಡಾ ಹೋಗುತ್ತಿದ್ದಿದ್ದು ನೈಜೀರಿಯಾದಿಂದ. ನೈಜರ್ ನದಿಯ ನೀರು ಮೇಲಿನಿಂದ ಹರಿದು ಬಂದರೆ ತಾನೇ ಕೆಳಗೆ ಕೈಂಜಿ ಅಣೆಕಟ್ಟಿನಲ್ಲಿ ವಿದ್ಯುತ್ ಆಗುವುದು, ಅದಕ್ಕೆ ಹಳೆಯ ಕೊಡು-ಕೊಳ್ಳುವ ಒಪ್ಪಂದ ಅದು.

ಗಡುವು ಮುಗಿಯಿತು. ಏನೂ ಆಗಲಿಲ್ಲ.

ತಡೆದಿದ್ದು ನೈಜೀರಿಯಾದ ಒಳಗಿನವರೇ. ಉತ್ತರದ ಏಳು ರಾಜ್ಯಗಳು ನೈಜರ್ ಗಡಿಗೆ ತಾಗಿಕೊಂಡಿವೆ. ಗಡಿಯ ಆಚೆಗೂ ಈಚೆಗೂ ಹೌಸಾ ಭಾಷೆ, ಅದೇ ಸಂತೆ, ಅದೇ ಮಸೀದಿ, ಹೆಣ್ಣು ಕೊಟ್ಟು ತಂದ ಸಂಬಂಧಗಳು. ನಮ್ಮ ಬೆಳಗಾವಿ ಕಡೆಯವರಿಗೆ ಕೊಲ್ಹಾಪುರದ ಮೇಲೆ ಯುದ್ಧ ಮಾಡಿ ಅಂದರೆ ಹೇಗಿರುತ್ತದೆ ಊಹಿಸಿ. ಉತ್ತರದ ಸೆನೆಟರುಗಳು ಯುದ್ಧ ಬೇಡವೇ ಬೇಡ ಅಂದರು, ಸೆನೆಟ್ ಒಪ್ಪಿಗೆ ಕೊಡಲಿಲ್ಲ. ಅದೂ ಅಲ್ಲದೆ ಬೋಕೊ ಹರಾಂ ಉಗ್ರರು, ಅಪಹರಣ ಮಾಡುವ ಗುಂಪುಗಳು ಅಂತ ಸೈನ್ಯಕ್ಕೆ ಮನೆಯಲ್ಲೇ ಕೈತುಂಬಾ ಕೆಲಸ. ನಷ್ಟ ಯಾರಿಗೆ? ಕಟ್ಸಿನಾ, ಕಾನೊ ಕಡೆಯ ವ್ಯಾಪಾರಿಗಳಿಗೆ. ಅವರ ಲಾರಿಗಳು ಗಡಿಯಲ್ಲಿ ನಿಂತವು. 2024ರ ಫೆಬ್ರವರಿಯಲ್ಲಿ ಹೆಚ್ಚಿನ ನಿರ್ಬಂಧಗಳನ್ನು ತೆಗೆದುಹಾಕಿದರು, ಬಜೂಮ್ ಇನ್ನೂ ಬಂಧನದಲ್ಲೇ ಇದ್ದರು. ಅಷ್ಟರಲ್ಲಿ ನೈಜರ್, ಮಾಲಿ, ಬುರ್ಕಿನಾ ಫಾಸೊ ಮೂರೂ ಸೇರಿ ತಮ್ಮದೇ ಕೂಟ ಕಟ್ಟಿಕೊಂಡಿದ್ದವು. 2025ರ ಜನವರಿ 29ರಂದು ಎಕೋವಾಸ್ ಬಿಟ್ಟು ಹೊರಗೆ ನಡೆದವು. ಐವತ್ತು ವರ್ಷದ ಒಕ್ಕೂಟ ಹೀಗೆ ಸೀಳಿದ್ದು ನೈಜೀರಿಯಾ ಅಧ್ಯಕ್ಷ ಸ್ಥಾನದಲ್ಲಿದ್ದ ಕಾಲದಲ್ಲಿ.

ಒಂದು ದೊಡ್ಡ ದೇಶದ ಗಾತ್ರವೇ ಅದರ ಕಾಲಿಗೆ ತೊಡರುವುದು ಹೀಗೆ. ಹೊರಗೆ ಏನು ಮಾಡಲು ಹೋದರೂ ಒಳಗಿನ ಯಾರಿಗೋ ಅದು ಮನೆಯ ವಿಷಯ. ತಮಿಳುನಾಡನ್ನು ಬಿಟ್ಟು ದೆಹಲಿಯವರು ಶ್ರೀಲಂಕಾದ ಬಗ್ಗೆ ಯೋಚಿಸಲು ಆಗುತ್ತದೆಯೇ?

ವ್ಯಾಪಾರದಲ್ಲೂ ಇದೇ ಗೊಂದಲ. 2018ರಲ್ಲಿ ಕಿಗಾಲಿಯಲ್ಲಿ ಇಡೀ ಖಂಡದ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಆದಾಗ ನೈಜೀರಿಯಾ ಬರಲೇ ಇಲ್ಲ. ನಮ್ಮ ಕಾರ್ಖಾನೆಗಳು ಮುಚ್ಚುತ್ತವೆ ಅಂತ ಅಲ್ಲಿನ ಕಾರ್ಖಾನೆಯವರು, ಕಾರ್ಮಿಕ ಸಂಘದವರು ಆಗಿನ ಅಧ್ಯಕ್ಷ ಬುಹಾರಿ ಅವರನ್ನು ಹೆದರಿಸಿದ್ದರು. 2019ರ ಜುಲೈನಲ್ಲಿ ಅಂತೂ ಸಹಿ ಹಾಕಿದರು. ಆಗಸ್ಟ್‌ನಲ್ಲಿ, ಅಂದರೆ ಮುಂದಿನ ತಿಂಗಳೇ, ಬೆನಿನ್‌ನಿಂದ ಅಕ್ಕಿ ಕಳ್ಳಸಾಗಣೆ ಆಗುತ್ತಿದೆ ಅಂತ ರಸ್ತೆ ಗಡಿಗಳನ್ನೆಲ್ಲ ಮುಚ್ಚಿಬಿಟ್ಟರು! ಮತ್ತೆ ತೆರೆಯಲು ಶುರು ಮಾಡಿದ್ದು 2020ರ ಡಿಸೆಂಬರ್‌ನಲ್ಲಿ.

ಕರೆಂಟಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಇಪ್ಪತ್ತು ಕೋಟಿಗೂ ಮೀರಿದ ಜನರಿಗೆ ನೈಜೀರಿಯಾದ ಗ್ರಿಡ್ ಸಾಮಾನ್ಯವಾಗಿ ಕೊಡುವುದು ನಾಲ್ಕರಿಂದ ಐದು ಸಾವಿರ ಮೆಗಾವ್ಯಾಟ್. ಏಳು ಕೋಟಿ ಜನರಿರುವ ನಮ್ಮ ಕರ್ನಾಟಕದಲ್ಲಿ ಬೇಸಿಗೆಯ ಒಂದು ದಿನದ ಗರಿಷ್ಠ ಬೇಡಿಕೆಯೇ 17,000 ಮೆಗಾವ್ಯಾಟ್ ದಾಟಿದೆ. ಅಲ್ಲಿ ಅಂಗಡಿ, ಆಸ್ಪತ್ರೆ, ಮನೆ, ಎಲ್ಲಾ ಕಡೆ ಜನರೇಟರ್. ಹಾಗಿದ್ದರೂ ಪಕ್ಕದ ದೇಶಗಳಿಗೆ ಕರೆಂಟ್ ಮಾರುತ್ತಾರೆ. 2014ರಲ್ಲಿ ಜಿಡಿಪಿಯ ಲೆಕ್ಕ ಹಾಕುವ ವಿಧಾನ ಬದಲಿಸಿದಾಗ ಒಂದೇ ದಿನದಲ್ಲಿ ನೈಜೀರಿಯಾ ಆಫ್ರಿಕಾದ ಅತಿ ದೊಡ್ಡ ಆರ್ಥಿಕತೆ ಆಗಿಹೋಯಿತು, 510 ಬಿಲಿಯನ್ ಡಾಲರ್. ತುಂಬಾ ಸಂಭ್ರಮ ಪಟ್ಟರು. 2023ರ ಜೂನ್‌ನಲ್ಲಿ ಟಿನುಬು ಸರ್ಕಾರ ನೈರಾವನ್ನು ಮಾರುಕಟ್ಟೆಗೆ ಬಿಟ್ಟಿತು, ಅದು ನೆಲಕಚ್ಚಿತು, ಡಾಲರ್ ಲೆಕ್ಕದಲ್ಲಿ ದೇಶ ದಕ್ಷಿಣ ಆಫ್ರಿಕಾ, ಈಜಿಪ್ಟ್, ಅಲ್ಜೀರಿಯಾ ಆದಮೇಲೆ ನಾಲ್ಕನೇ ಸ್ಥಾನಕ್ಕೆ ಇಳಿಯಿತು. ಪೆಟ್ರೋಲ್ ಸಬ್ಸಿಡಿ ತೆಗೆದಿದ್ದೂ ಆಗಲೇ. ಜನರ ಊಟಕ್ಕೆ ನೇರವಾಗಿ ಹೊಡೆತ ಬಿತ್ತು.

ಸರ್ಕಾರಕ್ಕೆ ಆಗದ ನಾಯಕತ್ವ ಅಲ್ಲಿನ ಜನರಿಗೆ ಸಲೀಸಾಗಿ ಬಂದಿದೆ ಅನ್ನಬೇಕು. ನೈರೋಬಿಯ ಮದುವೆಯಲ್ಲೂ ಅಕ್ರಾದ ಟ್ಯಾಕ್ಸಿಯಲ್ಲೂ ಲಾಗೋಸ್‌ನ ಹಾಡು. ನಾಲಿವುಡ್ ಅಂದರೆ ನೈಜೀರಿಯಾದ ಸಿನಿಮಾ ನೋಡದ ಊರಿಲ್ಲ. ಲಾಗೋಸ್‌ನ ಬ್ಯಾಂಕುಗಳು ಖಂಡದ ಎಷ್ಟೋ ದೇಶಗಳಲ್ಲಿ ಬಾಗಿಲು ತೆರೆದಿವೆ. ವಿಶ್ವ ವ್ಯಾಪಾರ ಸಂಸ್ಥೆಯ ಮುಖ್ಯಸ್ಥೆ ಎನ್ಗೋಜಿ ಒಕೊಂಜೊ-ಇವೇಲಾ ನೈಜೀರಿಯಾದವರು. ಉದ್ಯಮಿ ಅಲಿಕೊ ಡಾಂಗೋಟೆ ಹಲವು ದೇಶಗಳಲ್ಲಿ ಸಿಮೆಂಟ್ ಕಾರ್ಖಾನೆ ಇಟ್ಟಿದ್ದಾರೆ, ಲಾಗೋಸ್ ಪಕ್ಕದ ಲೆಕ್ಕಿಯಲ್ಲಿ ದಿನಕ್ಕೆ 6.5 ಲಕ್ಷ ಬ್ಯಾರಲ್ ಸಂಸ್ಕರಿಸುವ ರಿಫೈನರಿ ಕಟ್ಟಿದ್ದಾರೆ. ಸರ್ಕಾರದ ರಿಫೈನರಿಗಳು ತುಕ್ಕು ಹಿಡಿದು ಕೂತಿದ್ದರಿಂದ ಕಚ್ಚಾ ಎಣ್ಣೆ ಮಾರಿ ಪೆಟ್ರೋಲ್ ಕೊಳ್ಳುತ್ತಿದ್ದ ದೇಶ ಅದು. ಡಾಂಗೋಟೆ ರಿಫೈನರಿಯ ಎಂಜಿನಿಯರಿಂಗ್ ಕೆಲಸದಲ್ಲಿ ನಮ್ಮ ಎಂಜಿನಿಯರ್ಸ್ ಇಂಡಿಯಾ ಕಂಪನಿಯ ಕೈ ದೊಡ್ಡದು.

ಈಗ ಅಬುಜಾದ ಕಣ್ಣು ಭದ್ರತಾ ಮಂಡಳಿಯ ಮೇಲಿದೆ. ಆಫ್ರಿಕಾಕ್ಕೆ ವೀಟೋ ಸಮೇತ ಎರಡು ಕಾಯಂ ಸ್ಥಾನ ಬೇಕು ಅಂತ 2005ರಲ್ಲೇ ಎಲ್ಲರೂ ಸೇರಿ ಎಜುಲ್ವಿನಿಯಲ್ಲಿ ಒಪ್ಪಿದ್ದಾರೆ. ಆ ಎರಡು ಯಾರಿಗೆ ಅನ್ನುವುದನ್ನು ಬರೆಯಲಿಲ್ಲ. ಬರೆಯಲು ಹೋಗಿದ್ದರೆ ಒಪ್ಪಂದವೇ ಆಗುತ್ತಿರಲಿಲ್ಲ. ನೈಜೀರಿಯಾ, ದಕ್ಷಿಣ ಆಫ್ರಿಕಾ, ಈಜಿಪ್ಟ್ ಮೂವರೂ ಕಾಯುತ್ತಿದ್ದಾರೆ. ನಮ್ಮ ಹಾಗೇ.

2025ರ ಡಿಸೆಂಬರ್ 7ರಂದು ಬೆನಿನ್‌ನಲ್ಲಿ ಸೈನಿಕರ ಒಂದು ಗುಂಪು ಟಿವಿಯಲ್ಲಿ ಕಾಣಿಸಿಕೊಂಡು ಸರ್ಕಾರ ಬಿತ್ತು ಅಂತ ಘೋಷಿಸಿತು. ಬೆನಿನ್ ಸರ್ಕಾರ ಸಹಾಯ ಕೇಳಿದ್ದೇ ತಡ ನೈಜೀರಿಯಾದ ಯುದ್ಧ ವಿಮಾನಗಳು ಹಾರಿದವು, ಪಡೆಗಳೂ ಹೋದವು, ದಂಗೆ ಅದೇ ದಿನ ಮುಗಿಯಿತು. ಹಳೆಯ ನೈಜೀರಿಯಾ ವಾಪಸ್ ಬಂತು ಅಂತ ಅಲ್ಲಿನ ಪತ್ರಿಕೆಗಳು ಖುಷಿಪಟ್ಟವು. ಮಾರನೆಯ ದಿನವೇ ನೈಜೀರಿಯಾ ವಾಯುಪಡೆಯ ಒಂದು ಸಿ-130 ವಿಮಾನ ಏನೋ ತೊಂದರೆಯಾಗಿ ಬುರ್ಕಿನಾ ಫಾಸೊದಲ್ಲಿ ಇಳಿಯಿತು. ನಮ್ಮ ಆಕಾಶಕ್ಕೆ ಅಪ್ಪಣೆ ಇಲ್ಲದೆ ಬಂದಿದ್ದೀರಿ ಅಂತ ಅದರಲ್ಲಿದ್ದ ಹನ್ನೊಂದು ಜನರನ್ನು ಅಲ್ಲಿನವರು ಹಿಡಿದಿಟ್ಟುಕೊಂಡರು. ಅವರನ್ನು ಬಿಡಿಸಿಕೊಳ್ಳುವ ಮಾತುಕತೆಗೆ ನೈಜೀರಿಯಾದ ವಿದೇಶಾಂಗ ಮಂತ್ರಿಯೇ ಬುರ್ಕಿನಾ ಫಾಸೊದ ರಾಜಧಾನಿ ವಗಡೂಗುಗೆ ಹೋಗಬೇಕಾಯಿತು.